ಕಲ್ತಪ್ಪದ ಮೇಲಿನ ತೆರಿಗೆ

ಮಸ್ಕತ್ತಿನಲ್ಲಿರುವ ನಮ್ಮ ಕರಾವಳಿಯವರ ಸಣ್ಣ ಕೂಟವು, ತಾನು ಹುಟ್ಟಿದಂದಿನಿಂದ ತಮ್ಮ ಮನೆಯ ತಿಂಡಿಯನ್ನು ಎಲ್ಲರಿಗೂ ಹಂಚುತ್ತ ಬಂದ ಒಬ್ಬ ಹಿರಿಯರ ಸದಸ್ಯತ್ವವನ್ನು ರದ್ದುಮಾಡಿತು. ಅವರು ಈ ದೇಶ ಬಿಟ್ಟು ಊರಿಗೆ ಹೊರಟಾಗ ಒಂದು ಮಾತಿನ ಬೀಳ್ಕೊಡುಗೆಯನ್ನೂ ಕೊಡಲಿಲ್ಲ. ಇದನ್ನು ನಾನು ಮೊದಲ ಸಾಲಿನಲ್ಲೇ ಬರೆಯುತ್ತಿದ್ದೇನೆ. ಕೂಟದ ಸಭೆಗಳಲ್ಲಿ ಈ ಪ್ರಸ್ತಾಪವನ್ನು ಪ್ರತಿ ಸಲವೂ 'ಇತರ ವಿಷಯಗಳು' ಎಂಬ ಕೊನೆಯ ಸಾಲಿಗೆ ತಳ್ಳಿ, ಹಾಲ್ ಖಾಲಿಮಾಡುವ ಹೊತ್ತಾಯಿತೆಂದು ಎದ್ದುಹೋದವರು ಯಾರೆಂಬುದು ನನಗೆ ಚೆನ್ನಾಗಿ ನೆನಪಿದೆ.

ಅವರು ಇಲ್ಲಿಯ ಮತ್ರಾ ಬಂದರಿನ ಹಳೆಯ ಪೇಟೆಯಾದ ಸೂಕಿನಲ್ಲಿ ಅಂಗಡಿ ಇಟ್ಟಿದ್ದ ಬ್ಯಾರಿ ವ್ಯಾಪಾರಿ. ಹಜ್ ಮುಗಿಸಿ ಬಂದಂದಿನಿಂದ ಎಲ್ಲರ ಬಾಯಲ್ಲೂ ಹಾಜಿಯವರು. ನಾನು ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಇತಿಹಾಸ ಕಲಿಸಿದವನು. ನಿವೃತ್ತನಾದ ಮೇಲೆ ಮಗಳ ಮನೆಯಲ್ಲಿದ್ದೇನೆ. ಅಮೆರಿಕವು ಸ್ವತಂತ್ರವಾದ ಹೊಸತರಲ್ಲಿ ಸರ್ಕಾರವೆಂಬುದನ್ನು ಹೇಗೆ ಕಟ್ಟಿಕೊಂಡಿತು, ಅದರ ತೆರಿಗೆಗೆ ರೈತರು ಹೇಗೆ ತಿರುಗಿಬಿದ್ದರು ಎಂಬುದನ್ನು ಕುರಿತು ಕನ್ನಡದಲ್ಲೊಂದು ಪುಸ್ತಕ ಬರೆಯಬೇಕೆಂಬುದು ನನ್ನ ಬಹುಕಾಲದ ಆಸೆ. ಅದರ ಒಂದೊಂದು ಅಧ್ಯಾಯವನ್ನೂ ಮೊದಲು ಕೇಳಿದವರು ಹಾಜಿಯವರೇ. ಶುಕ್ರವಾರ ಸಂಜೆ ಅವರ ಅಂಗಡಿಯ ಹಿಂಬದಿಯ ಕೋಣೆಯಲ್ಲಿ, ಏಲಕ್ಕಿ ಮೂಟೆಗಳ ನಡುವೆ ಕೂತು ಹಾಲಿಲ್ಲದ ಚಹಾ ಕುಡಿಯುತ್ತ ನಾನು ಓದುತ್ತಿದ್ದೆ, ಅವರು ಅಡ್ಡಬಾಯಿ ಹಾಕುತ್ತಿದ್ದರು.

ವಿಸ್ಕಿಯ ಮೇಲೆ ಹಾಕಿದ ತೆರಿಗೆಗೆ ರೈತರು ತಿರುಗಿಬಿದ್ದ ವಿಸ್ಕಿ ದಂಗೆಯ ಅಧ್ಯಾಯವನ್ನು ಓದಿದ ಸಂಜೆ ಮೊದಲಿಗೆ ಅವರು ಸರ್ಕಾರದ ಕಡೆಗಿದ್ದರು.

"ಕಳ್ಳಿನ ಅಣ್ಣನ ಮೇಲೆ ತೆರಿಗೆಯಾ? ಹಾಕ್ಲಿ ಮಾಷ್ಟ್ರೇ, ಇನ್ನೂ ನಾಲ್ಕು ಹಾಕ್ಲಿ. ಹರಾಮಿಗೆ ನಾನು ವಕಾಲತ್ತು ಮಾಡುದಿಲ್ಲ."

ಬೆಟ್ಟದಾಚೆಯ ಆ ರೈತರಿಗೆ ದಾರಿಯೇ ಇರಲಿಲ್ಲವೆಂದು ನಾನು ವಿವರಿಸಿದೆ. ಧಾನ್ಯದ ಮೂಟೆಗಳನ್ನು ಕುದುರೆಯ ಮೇಲೆ ಹೇರಿ ಬೆಟ್ಟ ದಾಟಿಸಿದರೆ ಸಾಗಾಟಕ್ಕೇ ಎಲ್ಲವೂ ಕರಗುತ್ತಿತ್ತು. ಆದ್ದರಿಂದ ಧಾನ್ಯವನ್ನು ಭಟ್ಟಿ ಇಳಿಸಿ, ಹಗುರಮಾಡಿ, ಮಾರುತ್ತಿದ್ದರು. ನಾಣ್ಯ ಕಾಣದ ಆ ಸೀಮೆಯಲ್ಲಿ ಕೂಲಿಗೂ ಅದನ್ನೇ ಅಳೆದು ಕೊಡುತ್ತಿದ್ದರು.

ಹಾಜಿಯವರು ಲೋಟ ಕೆಳಗಿಟ್ಟರು. "ಹಾಗಾದ್ರೆ ಅದು ಕುಡಿಯುದಕ್ಕೆ ಅಲ್ಲ, ಸಾಗಿಸುದಕ್ಕೆ."

"ಕುಡಿಯುವುದಕ್ಕೂ ಹೌದು, ಹಾಜಿಯವರೇ."

"ಅದನ್ನು ನೀವು ಹೇಳ್ಬೇಡಿ ಮಾರಾಯ್ರೆ, ನಮ್ಮ ಕೇಸು ಬಿದ್ದುಹೋಗ್ತದೆ!"

ಅಂದಿನಿಂದ ಅವರು ದಂಗೆಯವರ ವಕೀಲರು, ನಾನು ಸರ್ಕಾರದ ವಕೀಲ. ನನ್ನ ವಾದ ಅಚಲವಾಗಿತ್ತು, ಈಗಲೂ ಅಚಲವೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅಮೆರಿಕದ ಕೇಂದ್ರ ಸಭೆಗೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಅದು ರಾಜ್ಯಗಳ ಮುಂದೆ ಕೈಚಾಚುತ್ತಿತ್ತು. ಯುದ್ಧ ಗೆದ್ದ ಸೈನಿಕರಿಗೆ ಸಂಬಳವಿಲ್ಲ, ಕೊಟ್ಟ ಮಾತಿಗೆ ಬೆಲೆಯಿಲ್ಲ. ತೆರಿಗೆಯಿಲ್ಲದೆ ರಾಜ್ಯವಿಲ್ಲ ಎಂದು ನಾನು ಹೇಳಿದರೆ ಅವರು, "ಕೊಡುದಕ್ಕೆ ಬೇಜಾರಿಲ್ಲ ಮಾಷ್ಟ್ರೇ. ನನ್ನನ್ನು ಒಂದು ಮಾತು ಕೇಳದೆ ನನ್ನ ಒಲೆಯ ಹತ್ರ ಬಂದದ್ದು ಯಾಕೆ, ಅಷ್ಟೇ ನಾನು ಕೇಳುದು" ಎನ್ನುತ್ತಿದ್ದರು. ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳಿಸಿದಾಗ ವಾದಕ್ಕೆ ವಿರಾಮ. ಅವರು ಮಸೀದಿಗೆ ನಡೆದರೆ ನಾನು ಕಡಲ ದಂಡೆಯ ಕಟ್ಟೆಯ ಮೇಲೆ ಕೂತು, ಅವರು ಮರಳುವಷ್ಟರಲ್ಲಿ ಹೊಸ ಉತ್ತರವೊಂದನ್ನು ಸಿದ್ಧಮಾಡಿಕೊಳ್ಳುತ್ತಿದ್ದೆ. ಅವರೂ ಒಂದನ್ನು ಸಿದ್ಧಮಾಡಿಕೊಂಡೇ ಬರುತ್ತಿದ್ದರು.

ಈ ವಾದ ಪುಸ್ತಕದಿಂದ ಎದ್ದು ನಮ್ಮ ಕೂಟದೊಳಗೇ ಬಂದೀತೆಂದು ನಾವಿಬ್ಬರೂ ಎಣಿಸಿರಲಿಲ್ಲ.

ಕೂಟದ ವಾರ್ಷಿಕ ಸಮಾರಂಭಕ್ಕೆ ಹಾಜಿಯವರ ಹೆಂಡತಿ ಕಲ್ತಪ್ಪ ಮಾಡಿ ಕಳಿಸುವುದು ವಾಡಿಕೆ. ಅಕ್ಕಿ, ಬೆಲ್ಲ, ತೆಂಗಿನೆಣ್ಣೆಯಲ್ಲಿ ಹುರಿದ ಈರುಳ್ಳಿ ಹಾಕಿ ದಪ್ಪ ಪಾತ್ರೆಯಲ್ಲಿ ಬೇಯಿಸಿದ ಆ ಅಪ್ಪವನ್ನು ಹಾಜಿಯವರು ತಾವೇ ಕತ್ತರಿಸಿ, ಭಾಷಣ ಮುಗಿಯುವ ಮೊದಲೇ ಮಕ್ಕಳ ಕೈಗೆ ದಾಟಿಸುತ್ತಿದ್ದರು. ಇತರರೂ ತಂತಮ್ಮ ಮನೆಯಿಂದ ಏನಾದರೊಂದು ತರುತ್ತಿದ್ದರು. ಹೊಸ ಸಮಿತಿ ಬಂದಿತು, ನಿಯಮವನ್ನೂ ತಂದಿತು. ಯಾರೇ ಆಹಾರ ಹಂಚಲಿ, ಮೇಜಿನ ಶುಲ್ಕ ಕಟ್ಟಬೇಕು; ಕೇಟರಿಂಗಿನವರಿಗೂ ಮನೆಯವರಿಗೂ ಒಂದೇ ದರ.

"ರೂಲ್ ಎಲ್ರಿಗೂ ಒಂದೇ ಅಲ್ವಾ ಅಂಕಲ್" ಎಂದು, ನಾನು ಸಭೆಯಲ್ಲಿ ಆಕ್ಷೇಪಿಸಿದಾಗ, ಕಾರ್ಯದರ್ಶಿ ಮೊಬೈಲಿನಿಂದ ಕಣ್ಣೆತ್ತದೆ ಹೇಳಿದರು. ನನ್ನನ್ನು ಅಂಕಲ್ ಎಂದುದನ್ನು ಇಲ್ಲಿ ಬೆಳೆಸುವುದಿಲ್ಲ. ಆದರೆ ಅಮೆರಿಕದ ಆ ತೆರಿಗೆಯೂ ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿತ್ತೆಂದು ನಾನು ಅಂದೇ ತಿಳಿಸಿದ್ದೆ. ದೊಡ್ಡ ಭಟ್ಟಿಯವರು ವರ್ಷಕ್ಕೊಂದು ಮೊತ್ತ ಕಟ್ಟಿ ಹಗುರಾದರು. ಭಾರ ಬಿದ್ದದ್ದು ಹಿತ್ತಲಲ್ಲಿ ಭಟ್ಟಿ ಇಟ್ಟವನ ಮೇಲೆ. ಲಾಭಕ್ಕೆ ಮಾರುವವನಿಂದಲೂ ಪ್ರೀತಿಗೆ ಹಂಚುವವನಿಂದಲೂ ಒಂದೇ ದರ ವಸೂಲುಮಾಡುವುದು ಸಮಾನತೆಯಲ್ಲ ಎಂದೆ. "ಗುಡ್ ಪಾಯಿಂಟ್" ಎಂದವರು, ಮುಂದಿನ ವಿಷಯಕ್ಕೆ ಹೋದರು.

ಸಮಾರಂಭದ ದಿನ ಹಾಜಿಯವರು ಶುಲ್ಕವನ್ನೂ ಕಟ್ಟಲಿಲ್ಲ, ಮೇಜನ್ನೂ ಕೇಳಲಿಲ್ಲ. ಪಾರ್ಕಿಂಗಿನಲ್ಲಿ ತಮ್ಮ ಗಾಡಿಯ ಡಿಕ್ಕಿ ತೆರೆದು ಪಾತ್ರೆಯ ಮುಚ್ಚಳ ತೆಗೆದರು. ಹುರಿದ ಈರುಳ್ಳಿಯ ಪರಿಮಳಕ್ಕೆ ಸಭಾಂಗಣದ ಹಿಂದಿನ ಸಾಲುಗಳು ಖಾಲಿಯಾದವು; ಅನಂತರ ಮುಂದಿನವು. ಅಧ್ಯಕ್ಷರು ಓಡಿಬಂದರು.

"ಹಾಜಿಯವರೇ, ಇದು ಸರಿಯಲ್ಲ. ಸಮಿತಿಗೆ ಮರ್ಯಾದೆ ಬೇಡ್ವಾ?"

"ಗಾಡಿ ನನ್ನದು, ಅಪ್ಪ ನನ್ನ ಹೆಂಡತಿದು, ಹಸಿವು ಇವರದ್ದು. ಇದ್ರಲ್ಲಿ ನಿಮ್ಮದೆಂತ ಉಂಟು ಅಧ್ಯಕ್ಷರೇ?" ಎಂದ ಹಾಜಿಯವರು ಒಂದು ತುಂಡನ್ನು ಅವರತ್ತ ಚಾಚಿದರು. "ತಿನ್ನಿ. ಬಿಸಿ ಉಂಟು."

ಜನ ನಕ್ಕರು. ಆ ನಗುವನ್ನು ಅಧ್ಯಕ್ಷರು ಕ್ಷಮಿಸಲಿಲ್ಲ. ಮರುದಿನ ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲಿನ ಪ್ರಕಟಣೆ ಬಂತು, ಹಾಜಿಯವರ ಸದಸ್ಯತ್ವ ರದ್ದು. ಅದರ ಕೆಳಗೇ ಅವರನ್ನು ಗುಂಪಿನಿಂದ ತೆಗೆದುಹಾಕಿದ ಸೂಚನೆ. ಡಿಕ್ಕಿಯ ಸುತ್ತ ಕೈ ನೆಕ್ಕಿದವರಲ್ಲಿ ಒಬ್ಬರೂ ಒಂದಕ್ಷರ ಬರೆಯಲಿಲ್ಲ. ನಾನು ಬರೆದ ಪ್ರತಿಭಟನೆಗೆ ಉತ್ತರವಾಗಿ ಬಂದದ್ದು ಹೆಬ್ಬೆರಳಿನ ಚಿತ್ರ.

ಆ ವರ್ಷವೇ ಅಂಗಡಿಯನ್ನು ಬೇರೆಯವರಿಗೆ ವಹಿಸಿ ಅವರು ಊರಿಗೆ ಹೊರಟರು. ಕಾಯಂ ಆಗಿ ಹೋಗುವವರಿಗೆ ಶಾಲು ಹೊದಿಸಿ ಹಣ್ಣು ಕೊಡುವುದು ಕೂಟದ ಪದ್ಧತಿ. ಬಂದು ಎರಡು ವರ್ಷವಾಗದವರಿಗೂ ಕೊಟ್ಟಿದ್ದಾರೆ. ವಿಮಾನ ನಿಲ್ದಾಣಕ್ಕೆ ಹೋದವರು ನಾನು ಮತ್ತು ನನ್ನ ಮಗಳು ಮಾತ್ರ.

"ಶಾಲು ಎಂತಕ್ಕೆ ಮಾಷ್ಟ್ರೇ, ಊರಲ್ಲಿ ಸೆಕೆ" ಎಂದು ನಕ್ಕ ಹಾಜಿಯವರು, ಒಳಗೆ ಹೋಗುವ ಮುನ್ನ ಬಾಗಿಲಿನತ್ತ ಎರಡು ಸಲ ತಿರುಗಿ ನೋಡಿದರು. ಇನ್ನೂ ಯಾರಾದರೂ ಬರಬಹುದೆಂದು ನೋಡುವ ನೋಟ ಅದು. ನಾನು ಅದನ್ನು ಮರೆತಿಲ್ಲ.

ಈಗಲೂ ಶುಕ್ರವಾರ ಸಂಜೆ ಮಗಳು ನನ್ನನ್ನು ಮತ್ರಾದಲ್ಲಿ ಇಳಿಸಿ ಹೋಗುತ್ತಾಳೆ. ಅವರ ಅಂಗಡಿಯಲ್ಲಿ ಈಗ ಪ್ರವಾಸಿಗರಿಗೆ ಶಾಲು, ಲೋಬಾನ, ಆಟದ ಒಂಟೆಗಳನ್ನು ಮಾರುತ್ತಾರೆ. ಒಳಗಿನ ಹುಡುಗರು ನನ್ನನ್ನೂ ಗಿರಾಕಿಯೆಂದು ತಿಳಿದು ಕರೆಯುತ್ತಾರೆ. ಕಟ್ಟೆಯ ಮೇಲೆ ಕೂತರೆ ಬಾಂಗ್ ಕೇಳಿಸುತ್ತದೆ, ಬಂದರಿನ ದೀಪಗಳು ಹತ್ತುತ್ತವೆ. ಮಸೀದಿಯಿಂದ ಹೊರಬರುವ ಜನರಲ್ಲಿ ನನ್ನ ಕಣ್ಣು ಇನ್ನೂ ಒಬ್ಬರನ್ನೇ ಹುಡುಕುತ್ತದೆ. ಪುಸ್ತಕ ಮುಂದೆ ಸಾಗಿಲ್ಲ. ಎದುರುವಾದಿಯಿಲ್ಲದೆ ನಾನು ಬರೆದ ಪುಟಗಳೆಲ್ಲ ನನಗೇ ಸಪ್ಪೆ. ನಿಂತಿರುವುದೂ ಎಂಥ ಕಡೆ! ದಂಗೆ ಅಡಗಿಸಲು ರಾಷ್ಟ್ರಾಧ್ಯಕ್ಷರು ತಾವೇ ಕುದುರೆಯೇರಿ ದಂಡಿನೊಡನೆ ಹೊರಟರು. ದೇಶದ್ರೋಹಕ್ಕಾಗಿ ಇಬ್ಬರಿಗೆ ಗಲ್ಲು ಎಂದು ತೀರ್ಪಾಯಿತು. ಆಮೇಲೆ ಅದೇ ಅಧ್ಯಕ್ಷರು ಆ ಇಬ್ಬರನ್ನೂ ಕ್ಷಮಿಸಿದರು. ಸರ್ಕಾರ ಗಟ್ಟಿಯಾಗಿದ್ದು ದಂಡಿನಿಂದ ಎಂದು ಹಾಜಿಯವರೆದುರು ವಾದಿಸಿದ್ದೆ. ಕ್ಷಮೆಯಿಂದ ಎಂದಿದ್ದರು ಅವರು. ಆ ವಾದ ಮುಗಿದಿಲ್ಲ.

ಹಾಜಿಯವರ ಮಗಳು ಇರುವುದು ಇದೇ ದೇಶದ ನಿಜ್ವಾ ಊರಿನಲ್ಲಿ. ಅವಳಿಗೆ ಹೆರಿಗೆಯಾಗಿದೆ, ಮೊಮ್ಮಗುವನ್ನು ನೋಡಲು ದಂಪತಿ ಈ ತಿಂಗಳು ಬರುತ್ತಿದ್ದಾರೆ. ಕೂಟದ ಸಮಾರಂಭವೂ ಅದೇ ವಾರ. ಬರಲೇಬೇಕೆಂದು ಫೋನಿನಲ್ಲಿ ಹೇಳಿದೆ.

"ಎಲ್ರನ್ನೂ ನೋಡ್ಬೇಕು ಅಂತ ಆಸೆ ಉಂಟು ಮಾಷ್ಟ್ರೇ. ಆದ್ರೆ ಕರೆಯದೆ ಹೇಗೆ ಬರುದು?"

ಸರ್ಕಾರದ ಪರವಾಗಿ ಇಷ್ಟು ವರ್ಷ ವಾದಿಸಿದ ನಾನು ಆ ಪ್ರಶ್ನೆಯನ್ನು ಕೂಟದವರಾದ ನಿಮ್ಮ ಮುಂದೆ ತಂದಿದ್ದೇನೆ. ಉತ್ತರ ಕೊಡಬೇಕಾದವರು ನೀವು. ಆದ್ದರಿಂದ ಅಧ್ಯಕ್ಷರನ್ನೂ, ಕಾರ್ಯದರ್ಶಿಯವರನ್ನೂ, ಆ ದಿನ ತಿಂದು ಮರುದಿನ ಮೌನವಾಗಿದ್ದ ಪ್ರತಿಯೊಬ್ಬ ಸದಸ್ಯರನ್ನೂ ಕೇಳುತ್ತೇನೆ: ಹಾಜಿಯವರಿಗೆ ಫೋನ್ ಮಾಡಿ "ಬನ್ನಿ" ಎನ್ನುವವರು ನಿಮ್ಮಲ್ಲಿ ಯಾರು?