ಅಜ್ಜನ ಗಾರೆ

ಮುಟ್ಟಳ್ಳಿಯ ಅಣ್ಣಪ್ಪನಿಗೆ ಹೆಸರೊಂದಿತ್ತು, ಬಳಸುವವರಿರಲಿಲ್ಲ. ಸುಣ್ಣ ಬಿದ್ದು ಬಿದ್ದು ಮೂವತ್ತೈದಕ್ಕೇ ತಲೆ ಬೆಳ್ಳಗೆ ಕಂಡದ್ದರಿಂದ ಊರಿಗೆಲ್ಲ ಅಜ್ಜನಾದ. ಈಗ ಅರವತ್ತೆಂಟು; ವಯಸ್ಸು ನಿಧಾನಕ್ಕೆ ಬಂದು ಹೆಸರನ್ನು ಸೇರಿಕೊಂಡಿದೆ. ಬಳಚಿನ ಚಿಪ್ಪು ಸುಟ್ಟು, ನೀರಲ್ಲಿ ಅರಳಿಸಿ, ಹೊಳೆಮರಳು ಕೂಡಿಸಿ ಗಾರೆ ಮಾಡುವುದು ಅವನ ಕಸುಬು. ಸಿಮೆಂಟು ಬಂದಮೇಲೆ ಜೊತೆಯವರೆಲ್ಲ ಅತ್ತ ಹೋದರು. ಇವನು ಮರಳಿಗೆ ಮರುಳಾದವನು, ಹೊರಳಲಿಲ್ಲ.

ಭಟ್ಕಳದ ಹತ್ತಿರದ ನಾನೂರು ವರ್ಷ ಹಳೆಯ ಗುಡಿಯೊಂದರ ದುರಸ್ತಿಗೆ ಹುಬ್ಬಳ್ಳಿಯಿಂದ ಇಂಜಿನಿಯರ್ ಅಂಕಿತಾ ಬಂದಳು. ಅಣ್ಣಪ್ಪ ಚಿಪ್ಪು ತರಲು ಕುಮಟೆಗೆ ಹೋದ ದಿನ, ಪರೀಕ್ಷೆಗೆ ಕಳಿಸಲು ಗೋಡೆಯ ಎರಡು ಕಡೆಯಿಂದ ಗಾರೆಯ ಚೂರು ಕಿತ್ತಳು.

"ಇದು ಯಾರ ಕಾಲದ್ದು?" ಒಂದು ಚೂರು ತೋರಿಸಿ ಕೇಳಿದಳು.

"ಅದಾ? ಅಜ್ಜಂದು" ಎಂದಳು ಗಾರೆ ಹೊರುವ ಕಮಲಿ.

ಅಂಕಿತಾ ಚೀಟಿಯಲ್ಲಿ 'ಪೂರ್ವಿಕರದು' ಎಂದು ಬರೆದುಕೊಂಡಳು. ಇನ್ನೊಂದಕ್ಕೆ 'ಆಮೇಲಿನ ತೇಪೆ'. ಇಪ್ಪತ್ತೆರಡು ವರ್ಷದ ಹಿಂದೆ ಅಣ್ಣಪ್ಪ ಹಚ್ಚಿದ ತೇಪೆ ಹೀಗೆ ಒಂದೇ ಮಾತಿಗೆ ನಾನೂರು ವರ್ಷ ಹಳೆಯದಾಯಿತು.

ತಿಂಗಳ ಮೇಲೆ ವರದಿ ಬಂತು; ಅಂಕಿತಾ ಓದಿ ಹೇಳಿದಳು. "ಎರಡರಲ್ಲೂ ಚಿಪ್ಪಿನ ಸುಣ್ಣ, ಬೆಣಚುಕಲ್ಲಿನ ಮರಳು, ಚೂರು ಕೆಂಪುಕಲ್ಲಿನ ಪುಡಿ. ಆದ್ರೆ ಆ ಕಾಲದವರ ಕೈ ನೋಡಿ ಅಣ್ಣಪ್ಪನವರೇ, ಎಂಥಾ ಗಟ್ಟಿ! ಈ ಕಡೆ ಮುಟ್ಟೋದು ಬೇಡ. ಆ ಕಡೆಯ ತೇಪೆ ಮಾತ್ರ ಕೆರೆದುಬಿಡಿ, ಅಡಿಯಲ್ಲಿ ಮೂಲದ್ದು ಇರಬಹುದು."

ಅವಳು ಮುಟ್ಟಬೇಡಿ ಎಂದ ಕಡೆ ಅಣ್ಣಪ್ಪ ನೋಡಿದ; ತಾನೇ ಹಚ್ಚಿದ ತೇಪೆ. ಸುಣ್ಣದವನಿಗೆ ಇಷ್ಟು ವರ್ಷ ಸಿಕ್ಕ ಹೊಗಳಿಕೆ ಸೊನ್ನೆ. ಈಗ ಮೊಹರು ಒತ್ತಿದ ಕಾಗದವೇ ಹೊಗಳುತ್ತಿದೆ. ಸುಮ್ಮನಿದ್ದರೆ ಸಾಕು, ಅವನ ಕೆಲಸ ಗುಡಿ ಇರುವ ತನಕ ಇರುತ್ತದೆ.

"ಎಂತ ಅಜ್ಜಾ, ಬಾಯಿಗೂ ಗಾರೆ ಬಳ್ಕಂಡ್ಯ?" ಕಮಲಿ ಛೇಡಿಸಿದಳು.

ಅವನು ಕೆರೆಯಬೇಕಾದ ಗೋಡೆಯ ಹತ್ತಿರ ಹೋದ. ಅಲ್ಲಿ ಯಾರೋ ಹಸಿ ಗಾರೆಯಲ್ಲಿ ಮೂರು ಬೆರಳು ಒತ್ತಿದ ಗುರುತಿತ್ತು. ಅದರಲ್ಲಿ ತನ್ನ ಬೆರಳಿಟ್ಟ. ಸರಿಯಾಗಿ ಕೂತವು. ನಾನೂರು ವರ್ಷದ ಹಿಂದಿನ ಆ ಮನುಷ್ಯನಿಗೂ ಹೊಗಳುವ ವರದಿ ಬಂದಿರಲಿಕ್ಕಿಲ್ಲ.

"ಅಕ್ಕೋರೇ, ಹಳೇದು ಇದು. ನೀವು ಹೊಗಳಿದ್ದು ನಂದು. ಕಮಲಿ ಅಂದ ಅಜ್ಜ, ಈ ಅಜ್ಜ."

ಅಂಕಿತಾ ವರದಿ ನೋಡಿದಳು, ಅವನನ್ನು ನೋಡಿದಳು. "ಹಾಗಾದ್ರೆ ಕೆರೀಬೇಕಾದ್ದು ನಿಮ್ಮದನ್ನ..."

"ಆತು. ನಾನೇ ಕೆರೀತೆ."

ಮರುದಿನ ಮಧ್ಯಾಹ್ನದ ತನಕ ಉಳಿ ಹೊಡೆದರೂ ಕಿತ್ತು ಬಂದದ್ದು ಅಂಗೈಯಗಲ.

"ಇಷ್ಟು ಗಟ್ಟಿ ಎಂತಕ್ಕೆ ಮಾಡಿದ್ಯ ಮಾರಾಯಾ!" ಎಂದಳು ಕಮಲಿ.

ಅಣ್ಣಪ್ಪ ಬೆವರೊರೆಸಿಕೊಂಡ. "ಕೆರೂಕೆ ನಾನೇ ಬರ್ಬೇಕು ಅಂತ ಆಗ ಗೊತ್ತಿತ್ತನೆ?"