ಕೇಳಿಸದ ನಾಕಿಂಗ್

ಎರಡು ವರ್ಷದ ಹಿಂದಿನ ಬೇಸಿಗೆ. ನನಗಾಗ ಅರವತ್ತಾರು. ದಾವಣಗೆರೆಯ ಶಾಮನೂರು ರಸ್ತೆಯಲ್ಲಿ ತಗಡಿನ ಶೆಡ್ಡಿನ ನನ್ನ ಗ್ಯಾರೇಜು ನಡೆಯುತ್ತಿತ್ತು, ಅಂದರೆ ಬಾಗಿಲು ತೆರೆದಿರುತ್ತಿತ್ತು. ಸುತ್ತಲಿನವರು ಸ್ಕ್ಯಾನರ್ ಚುಚ್ಚಿ ಗಾಡಿಯ ಕಾಯಿಲೆ ಓದುತ್ತಾರೆ. ನನ್ನ ಬಳಿ ಬರುತ್ತಿದ್ದದ್ದು ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಪೆಟ್ರೋಲ್ ಕಾರುಗಳು ಮಾತ್ರ, ತಿಂಗಳಿಗೆ ಎರಡೋ ಮೂರೋ. ಉಳಿದ ದಿನ ಸ್ಪ್ಯಾನರ್ ಒರೆಸುತ್ತ ಕೂರುತ್ತಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬೆಳಿಗ್ಗೆ ಬೀಗ ತೆಗೆದು ಸಂಜೆ ಹಾಕುವವರೆಗೆ ಒಬ್ಬರೊಂದಿಗೂ ಮಾತಾಡದ ದಿನಗಳಿದ್ದವು.

ಆಗ ಬಂದವರು ಹರಿಹರದ ಶಿವಮೂರ್ತೆಪ್ಪ, ಹೆಚ್ಚುಕಡಿಮೆ ನನ್ನದೇ ವಯಸ್ಸಿನವರು. ಹತ್ತಿ ಮಿಲ್ಲಿನ ಲೂಮ್ ಖಾತೆಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಒಂದು ಬಿಳಿ ಅಂಬಾಸಡರ್ ಕೊಂಡು ಟ್ಯಾಕ್ಸಿ ಓಡಿಸಿದರು. ಈಗ ಅದೇ ಕಾರನ್ನು ಮದುವೆಗಳಿಗೆ ಒಯ್ಯುತ್ತಾರೆ. ಹಳೆಯ ಕಾರಿನಿಂದ ಇಳಿದರೆ ಫೋಟೊ ಚೆನ್ನಾಗಿ ಬರುತ್ತದೆಂದು ಮದುಮಕ್ಕಳಿಗೆ ಖುಷಿ, ಇವರಿಗೆ ಅದೇ ಅನ್ನ. ಎಂಜಿನ್ ಹೋದರೆ ಪಿಸ್ಟನ್ ಹುಡುಕಿಕೊಂಡು ಊರೂರು ಅಲೆಯಬೇಕು, ಸಿಕ್ಕರೆ ಪುಣ್ಯ.

ಕರೆಂಟು ಕಡಿದು ಕಿಡಿ ಹುಟ್ಟಿಸುವ ಪಾಯಿಂಟ್ ಬದಲಿಸಿ ಟೈಮಿಂಗ್ ಕೂರಿಸಬೇಕಿತ್ತು. ಟೈಮಿಂಗ್ ಅಂದರೆ ಇಷ್ಟೇ: ಪಿಸ್ಟನ್ ಸಿಲಿಂಡರಿನ ತುದಿ ಮುಟ್ಟುವುದಕ್ಕೆ ಸ್ವಲ್ಪ ಮುಂಚೆ, ಈ ಎಂಜಿನ್ನಿನಲ್ಲಿ ಆರು ಡಿಗ್ರಿ ಮುಂಚೆ, ಪ್ಲಗ್ ಕಿಡಿ ಹಾರಿಸಬೇಕು. ಕಿಡಿಯನ್ನು ನಾಲ್ಕು ಪ್ಲಗ್‌ಗಳಿಗೆ ಸರದಿಯಂತೆ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಕ್ಲಾಂಪ್ ಸಡಿಲಿಸಿ ಕೂದಲೆಳೆಯಷ್ಟು ಒಂದು ಕಡೆ ತಿರುಗಿಸಿದರೆ ಕಿಡಿ ಬೇಗ, ಇನ್ನೊಂದು ಕಡೆಗೆ ತಡ. ತೀರಾ ಬೇಗವಾದರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನುತ್ತದೆ. ಅದೇ ನಾಕಿಂಗ್. ಹಾಗೇ ಓಡಿಸುತ್ತ ಹೋದರೆ ಪಿಸ್ಟನ್ ತೂತಾಗುತ್ತದೆ.

ಪಾಯಿಂಟಿಗೆ ಬಲ್ಬ್ ಹಚ್ಚಿ, ಅದು ಹೊತ್ತುವ ಗಳಿಗೆಯನ್ನು ಎಂಜಿನ್ ಮುಂದಿನ ಪುಲ್ಲಿಯ ಡಿಗ್ರಿ ಗುರುತಿಗೆ ಹೊಂದಿಸುವುದು ಎಲ್ಲರ ಪದ್ಧತಿ. ಹಳೆಯ ಎಂಜಿನ್ನಿಗೆ ಗುರುತೊಂದೇ ಸಾಲದು ಎನ್ನುವುದು ನನ್ನ ಪಾಠ. ಹರಿಹರದ ದಾರಿಯ ಮೇಲ್ಸೇತುವೆಯ ಏರಿಗೆ ಗಾಡಿ ಒಯ್ದು, ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತುತ್ತಿದ್ದೆ. ನಾಕಿಂಗ್ ಸಣ್ಣಗೆ ಒಮ್ಮೆ ಕೇಳಿ ಮಾಯವಾಗಬೇಕು. ಜಾಸ್ತಿ ಕೇಳಿದರೆ ಕಿಡಿ ತಡ ಮಾಡು, ಕೇಳದಿದ್ದರೆ ಬೇಗ ಮಾಡು. ಪಕ್ಕದಲ್ಲಿ ಮಾಲೀಕರನ್ನು ಕೂರಿಸಿಕೊಳ್ಳುತ್ತಿರಲಿಲ್ಲ, ಅವರ ಮಾತು ಅಡ್ಡ ಬರುತ್ತದೆಂದು. ನನ್ನ ಕಿವಿಯ ಬಗ್ಗೆ ನನಗೆ ಕೊಬ್ಬಿತ್ತು.

ಅಂದು ಏರಿನಲ್ಲಿ ಏನೂ ಕೇಳಲಿಲ್ಲ. ಕಿಡಿಯನ್ನು ಬೇಗ ಮಾಡಿ ಕಳಿಸಿದೆ. ವಾರದೊಳಗೆ ಅವರು ವಾಪಸು ಬಂದರು.

“ಮೇಸ್ತ್ರಿ, ಏರಿನಾಗ ಕಟಕಟ ಅಂತೈತ್ರಿ.”

ವಾಲ್ವಿನ ಟ್ಯಾಪೆಟ್ ಸಡಿಲವಾದ ಶಬ್ದವಿರಬೇಕೆಂದು ಅದನ್ನು ಸರಿಮಾಡಿ, ಮತ್ತೆ ಒಬ್ಬನೇ ಏರಿಗೆ ಹೋದೆ. ನಾಕಿಂಗಿನ ಸುಳಿವೇ ಇಲ್ಲ. ನನ್ನ ನಿಯಮದ ಪ್ರಕಾರ ಇನ್ನಷ್ಟು ಬೇಗ ಮಾಡಿದೆ. ನಾಲ್ಕೇ ದಿನಕ್ಕೆ ಅವರು ಅದೇ ದೂರು ಹೊತ್ತು ಬಂದಾಗ ಸಿಟ್ಟು ನೆತ್ತಿಗೇರಿತು.

“ಲೂಮಿನ ಸದ್ದಿಗೆ ಕಿವಿ ಕಳ್ಕೊಂಡೀರಿ. ಮೊದ್ಲು ಡಾಕ್ಟ್ರಿಗೆ ತೋರಿಸ್ರಿ” ಎಂದೆ.

ಅವರ ಮುಖ ಸಣ್ಣದಾಯಿತು. ಆದರೂ ಕದಲಲಿಲ್ಲ.

“ಭಾನುವಾರ ನಂದಿಗುಡಿಗೆ ಮದುಮಕ್ಕಳನ್ನ ಕರ್ಕಂಡು ಹೋಗ್ಬೇಕು. ಒಂದ್ಸಲ ಪ್ಲಗ್ ಬಿಚ್ಚಿ ನೋಡ್ರಿ, ಕೈ ಮುಗೀತೀನಿ.”

ಬಾಯಿ ಮುಚ್ಚಿಸೋಣವೆಂದೇ ಬಿಚ್ಚಿದೆ. ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆಗಳಿದ್ದವು, ಕೆಲವು ಬೆಳ್ಳಗೆ ಹೊಳೆಯುತ್ತಿದ್ದವು. ಆ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ. ನಾಕಿಂಗ್ ಅದನ್ನು ತಿನ್ನತೊಡಗಿತ್ತು. ಬಲ್ಬ್ ಹಚ್ಚಿ ಪುಲ್ಲಿ ತಿರುಗಿಸಿ ನೋಡಿದೆ. ಆರು ಡಿಗ್ರಿ ಇರಬೇಕಾದಲ್ಲಿ ಹದಿನಾರರ ಹತ್ತಿರ ಇತ್ತು. ಎರಡು ಸಲವೂ ತಿರುಗಿಸಿದ್ದು ಇದೇ ಕೈ.

ಏರಿನಲ್ಲಿ ಎಂಜಿನ್ ಬಡಿದುಕೊಂಡಿತ್ತು, ಕೇಳಿಸದೆ ಹೋದದ್ದು ನನಗೆ. ಮನೆಯಲ್ಲಿ ಮಾತಾಡಿಸುವವರೇ ಇಲ್ಲದಿದ್ದರೆ ಕಿವಿ ಮಂದವಾದದ್ದು ಗೊತ್ತಾಗುವುದಾದರೂ ಹೇಗೆ? ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬಾನೆಟ್ಟಿನ ಕೆಳಗೆ ಎಷ್ಟು ಹೊತ್ತು ಬಗ್ಗಿ ನಿಂತಿದ್ದೆನೋ, ಭುಜದ ಮೇಲೆ ಒಂದು ಕೈ ಬಿತ್ತು. ಬೆಚ್ಚಿ ತಿರುಗಿದೆ.

“ಮೂರು ಸಲ ಕರ್ದೆ, ಮೇಸ್ತ್ರಿ” ಎಂದರು ಶಿವಮೂರ್ತೆಪ್ಪ, ನನಗೆ ಎದುರಾಗಿ ನಿಂತು, ನಿಧಾನವಾಗಿ. “ಲೂಮ್ ಖಾತೇಲಿ ನಾವ್ಯಾರೂ ಕೂಗ್ತಿರ್ಲಿಲ್ರಿ. ಅರ್ಧ ಮಂದಿ ಕಿವುಡಾಗಿದ್ರು. ಭುಜ ಮುಟ್ಟೇ ಮಾತಾಡ್ಸೋದು.”

“ಮತ್ತೆ ನಿಮ್ಮ ಕಿವಿ?”

“ಹತ್ತಿ ಮಿಲ್ಲಿನಾಗ ಹತ್ತಿಗೇನು ಬರಾನಾ? ಉಂಡಿ ಮಾಡಿ ಕಿವ್ಯಾಗ ತುರುಕ್ಕೊಂತಿದ್ದೆ.”

ನಗಬೇಕಾದ ಮಾತು. ನನಗೆ ಕಣ್ಣಲ್ಲಿ ನೀರು ಬಂತು.

“ನಿಮ್ಮ ಗಾಡಿ ಹಾಳು ಮಾಡ್ತಿದ್ದೋನು ನಾನೇರಿ. ನಂಗೇ ಕೇಳಿಸ್ತಿಲ್ಲ” ಎಂದೆ.

“ಅದು ಗೊತ್ತಾತು ಬಿಡ್ರಿ. ಈಗ ನಾ ಪಕ್ಕ ಕೂಡ್ತೀನಿ. ಶಬ್ದ ಬಂದ್ರ ಮುಟ್ತೀನಿ, ನೀವು ರಸ್ತೆ ನೋಡ್ರಿ.”

ಕಂಪ್ರೆಶನ್ ಅಳೆದೆ. ನಾಲ್ಕೂ ಸಿಲಿಂಡರ್ ಸರಿಯಿದ್ದವು, ಎಂಜಿನ್ ಉಳಿದಿತ್ತು. ಹೊಸ ಪ್ಲಗ್ ಹಾಕಿ, ಹಳೆಯ ಎಂಜಿನ್ನಿಗೆ ಆರೇ ಸರಿಯೆಂದು ನಂಬದೆ ಟೈಮಿಂಗನ್ನು ಹತ್ತು ಡಿಗ್ರಿಗೆ ತಂದು, ಅಲ್ಲಿಂದ ಸ್ವಲ್ಪಸ್ವಲ್ಪವೇ ಇಳಿಸುವುದೆಂದುಕೊಂಡು ಹೊರಟೆವು. ಮೊದಲ ಏರಿನಲ್ಲಿ ಅವರ ಬೆರಳು ಭುಜದ ಮೇಲೆ ಬಡಿಯುತ್ತಲೇ ಇದ್ದವು. ಕೆಳಗಿಳಿದು ಬದಿಗೆ ನಿಲ್ಲಿಸಿ ಡಿಸ್ಟ್ರಿಬ್ಯೂಟರನ್ನು ಒಂದೆಳೆ ಹಿಂದಕ್ಕೆ ತಂದೆ. ಎರಡನೇ ಏರಿನಲ್ಲಿ ನಾಲ್ಕೈದು ಸಲ ಮುಟ್ಟಿದರು. ಮತ್ತೆ ಒಂದೆಳೆ.

ನನಗೆ ಕೇಳಿಸಲಿಲ್ಲ ಎಂದರೆ ಶಬ್ದವೇ ಇಲ್ಲ ಎಂದಲ್ಲ. ನಲವತ್ತೆಂಟು ವರ್ಷದ ಕೆಲಸ ಇಷ್ಟು ಸಣ್ಣ ವಿಷಯವನ್ನು ಕೊನೆಗಾಲಕ್ಕೆ ಕಲಿಸಿತು. ಅಂದಿನಿಂದ ಮಾಲೀಕರನ್ನು ಪಕ್ಕ ಕೂರಿಸದೆ ಒಂದು ಗಾಡಿಯನ್ನೂ ಟ್ರಯಲ್‌ಗೆ ಒಯ್ದಿಲ್ಲ.

ಮೂರನೇ ಏರಿನ ನಡುವೆ ಅವರು ಒಂದೇ ಸಲ ಮುಟ್ಟಿ ಕೈ ತೆಗೆದರು. ಅದೇ ಸರಿಯಾದ ಟೈಮಿಂಗ್. ಕ್ಲಾಂಪ್ ಬಿಗಿ ಮಾಡಿದರೆ ಕೆಲಸ ಮುಗಿಯಿತು, ಅವರು ಹರಿಹರಕ್ಕೆ, ನಾನು ಶೆಡ್ಡಿಗೆ. ಹೆಂಡತಿ ಹೋದ ಮೇಲೆ ಯಾರೂ ಮುಟ್ಟಿ ಮಾತಾಡಿಸದಿದ್ದ ಭುಜ ಅದು. ಗಾಡಿ ಬದಿಗೆ ಹಾಕಿ ಸ್ಪ್ಯಾನರ್ ಹಿಡಿದವನು ಕೇಳಿದೆ:

“ಇನ್ನೊಮ್ಮೆ ಏರು ಹತ್ತಿ ನೋಡೋಣೇನ್ರಿ?”