ಅಪ್ಪನ ಕಾಲಿನ ಬಣ್ಣ

ಆಗೆಲ್ಲ ಮುಂಬಯಿ ಹತ್ತಿರದ ಡೊಂಬಿವಲಿಯ ಮಕ್ಕಳಾದ ನಾವು ಗಾಳಿಯ ವಾಸನೆ ಹಿಡಿದೇ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಇವತ್ತು ಯಾವ ಕಾರ್ಖಾನೆ ನಡೆದಿದೆ ಎಂದು ಹೇಳಿಬಿಡುತ್ತಿದ್ದೆವು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಒಂದು, ಸುಟ್ಟ ಸಕ್ಕರೆಯಂಥದ್ದು ಬಂದರೆ ಇನ್ನೊಂದು. ನನಗಂತೂ ಗಾಳಿಯ ಹಂಗೇ ಇರಲಿಲ್ಲ, ಅಪ್ಪನ ಕಾಲು ನೋಡಿದರೆ ಸಾಕಿತ್ತು. ಅಪ್ಪ ಬಟ್ಟೆಗೆ ಹಾಕುವ ಬಣ್ಣದ ಕಾರ್ಖಾನೆಯಲ್ಲಿ ಪುಡಿ ಜರಡಿ ಹಿಡಿಯುತ್ತಿದ್ದ. ಒಂದು ವಾರ ಹಳದಿ ಕಾಲು, ಒಂದು ವಾರ ಹಸಿರು, ಬೇಸಿಗೆ ಬಂತೆಂದರೆ ಕೆಂಪು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ.

ಹೋಳಿ ಮುಗಿದು ಮೂರು ವಾರವಾದರೂ ಕಾಂಪೌಂಡಿನಲ್ಲಿ ಲಂಗಡಿ, ಅಂದರೆ ಕುಂಟಾಟ, ಆಡುವ ಹುಡುಗರು ನಿನ್ನಪ್ಪನ ಹೋಳಿ ಇನ್ನೂ ಮುಗಿದಿಲ್ಲವೇ ಎಂದು ಕೂಗುತ್ತಿದ್ದರು: "ಅರೇ, ತೇರೆ ಪಪ್ಪಾ ಕೀ ಹೋಲೀ ಖತಮ್ ನಹೀ ಹುಯೀ ಕ್ಯಾ?" ನನಗೆ ಹನ್ನೆರಡು ವರ್ಷ. ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು.

ನಾವು ಬೆಟಗೇರಿ ಕಡೆಯ ಕ್ರೈಸ್ತರು. ಸುತ್ತಲಿನ ಕನ್ನಡದ ಕುಟುಂಬಗಳೆಲ್ಲ ಸೇರಿ ಒಂದು ಮರಾಠಿ ಶಾಲೆಯ ಹಾಲ್‌ನಲ್ಲಿ ಆರಾಧನೆ ನಡೆಸುತ್ತಿದ್ದೆವು. ಗುಡ್ ಫ್ರೈಡೆಯ ಹಿಂದಿನ ಸಂಜೆ ಅಲ್ಲಿ ಕಾಲು ತೊಳೆಯುವ ಪದ್ಧತಿ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿ, ಹನ್ನೆರಡು ಜನರನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಮೊಣಕಾಲೂರಿ ಒಬ್ಬೊಬ್ಬರ ಬಲಗಾಲು ತೊಳೆಯುತ್ತಿದ್ದರು. ತಗ್ಗಿ ನಡೆಯುವುದನ್ನು ಕಲಿಸುವ ದಿನ. ನಮ್ಮ ಜನ ಅದರಲ್ಲೂ ದೊಡ್ಡಸ್ತಿಕೆ ಹುಡುಕಿದ್ದರು. ಆ ಕುರ್ಚಿಗಳಿಗೆ ತಿಂಗಳ ಮುಂಚೆಯೇ ವಶೀಲಿ ನಡೆಯುತ್ತಿತ್ತು. ಕುರ್ಚಿ ಸಿಕ್ಕವರು ಮನೆಯಲ್ಲೇ ಕಾಲು ತಿಕ್ಕಿ ತೊಳೆದು, ಪೌಡರ್ ಹಚ್ಚಿಕೊಂಡು, ತೊಳೆಸಿಕೊಳ್ಳಲು ಬರುತ್ತಿದ್ದರು. ಕೆಲವು ಜಾಣರು ಬಲಗಾಲಷ್ಟೇ ತಿಕ್ಕಿ ಬರುತ್ತಿದ್ದರು.

ಆ ವರ್ಷ ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಠಾಣೆ ಊರಿನಿಂದ ಬಂದಿದ್ದಳು. ಅಲ್ಲಿ ಆಫೀಸರ್ ಆಗಿದ್ದ ದೊಡ್ಡಪ್ಪನಿಗೆ ಮೊದಲ ಕುರ್ಚಿ. ಉಪವಾಸದ ನಲವತ್ತು ದಿನ ನಮ್ಮಲ್ಲಿ ಮಾಂಸವಿಲ್ಲ. ಮಧ್ಯಾಹ್ನ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು ಕೈತೊಳೆದ ದೊಡ್ಡವ್ವ ನನ್ನನ್ನು ಪಕ್ಕಕ್ಕೆ ಕರೆದಳು.

"ನಿಮ್ಮಪ್ಪಗ ಒಂದ್ ಜೋಡಿ ಸಾಕ್ಸ್ ಹಾಕಸವಾ. ಮಂದ್ಯಾಗ ಆ ಕಾಲ್ ನೋಡಾಕ ಆಗಂಗಿಲ್ಲ."

ಅವಳ ಮಾತು ನನಗೆ ಸರಿಯೆನಿಸಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಮದುವೆಗಳಿಗೆಂದು ಅಪ್ಪ ತೆಗೆದಿಟ್ಟಿದ್ದ ಕರಿ ಸಾಕ್ಸ್ ಹುಡುಕಿ ಕೊಟ್ಟೆ.

"ಇಷ್ಟ್ ಸೆಕಿಯಾಗ ಯಾಕವಾ?" ಎಂದ ಅಪ್ಪ.

"ಎಲ್ಲಾರೂ ನೋಡ್ತಾರಪಾ."

"ನಿನಗ ನಾಚಿಕಿ ಆಗ್ತೈತೇನು?"

ನಾನು ಸಾಕ್ಸ್ ಅವನ ಮುಂದೆ ಹಿಡಿದೆ. ಅಪ್ಪ ಹಾಕಿಕೊಂಡ.

ಸಂಜೆ ಹಾಲ್‌ನಲ್ಲಿ ಮೇಣದ ವಾಸನೆ, ಸೀಮೆಸುಣ್ಣದ ವಾಸನೆ, ಅದರ ಮೇಲೆ ಪೌಡರಿನ ಘಮ. ಕಲ್ಯಾಣ ಸ್ಟೇಷನ್ನಿನ ಆಚೆ ಲೋಕಲ್ ರೈಲು ನಿಂತುಬಿಟ್ಟು, ಟಿಟ್ವಾಳಾದಿಂದ ಬರಬೇಕಿದ್ದ ಹಿರಿಯರೊಬ್ಬರು ಬಂದಿರಲಿಲ್ಲ. ಹನ್ನೊಂದು ಕಾಲು ತೊಳೆದ ಅಯ್ಯನವರು ಖಾಲಿ ಕುರ್ಚಿ ನೋಡಿ, ಗೋಡೆಗೆ ಆತು ಕೂತಿದ್ದ ಅಪ್ಪನನ್ನು ಕರೆದರು. "ನೀವ್ ಬರ್ರಿ."

"ನನ್ನ ಬಿಡ್ರಿ ಅಯ್ಯಾರ. ಬ್ಯಾರೆ ಯಾರರ ಕೂಡ್ಲಿ."

ಹಾಗೆನ್ನುವಾಗ ಅಪ್ಪ ಅಯ್ಯನವರನ್ನು ನೋಡಲಿಲ್ಲ, ನನ್ನನ್ನು ನೋಡಿದ. ದೇವರ ಮುಂದೆ ಕಾಲು ಚಾಚಲು ಅವನಿಗೆ ನನ್ನ ಒಪ್ಪಿಗೆ ಬೇಕಾಗಿತ್ತು. ಅಂಥ ಸ್ಥಿತಿಗೆ ನಾನು ಅವನನ್ನು ತಂದಿದ್ದೆ. ಎದ್ದೆ. ದೊಡ್ಡವ್ವ ನನ್ನ ಫ್ರಾಕ್ ಹಿಡಿದೆಳೆದಳು.

"ಸುಮ್ನ ಕೂಡು. ಬಗ್ಗಿದವರಿಗೆ ಒಂದ್ ಗುದ್ದು ಹೆಚ್ಚು, ತಿಳಕೋ."

"ಗುದ್ದಲಿ ಬಿಡು, ದೊಡ್ಡವ್ವಾ!"

ಹಾಲ್‌ಗೆಲ್ಲ ಕೇಳಿಸಿತು. ಕೇಳಿಸಲಿ ಎಂದೇ ಅಂದಿದ್ದೆ. ಅಪ್ಪನ ಕೈ ಹಿಡಿದು ತಂದು ಕೂರಿಸಿ, ಮೊಣಕಾಲೂರಿ, ಎರಡೂ ಸಾಕ್ಸ್ ಕಿತ್ತೆ. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಮೊದಲ ಕುರ್ಚಿಯ ದೊಡ್ಡಪ್ಪ ಸುಮ್ಮಸುಮ್ಮನೆ ಕೆಮ್ಮಿದರು. ಅಯ್ಯನವರು ಒಂದು ಕ್ಷಣ ನನ್ನನ್ನೇ ನೋಡಿ, ನೀರಿನ ತಂಬಿಗೆ ನನ್ನ ಕೈಗೆ ಕೊಟ್ಟರು.

"ನೀನ ತೊಳಿಯವಾ."

ಚರ್ಮದೊಳಗೆ ಕೂತ ಬಣ್ಣ ಅಲುಗಲಿಲ್ಲ. ಉಗುರಿನ ಸಂದಿಯ ಪುಡಿ, ಹಿಮ್ಮಡಿಯ ಬಿರುಕಿನ ಪುಡಿ ಬಿಟ್ಟಿತು. ಹನ್ನೊಂದು ಜನರ ಕಾಲು ತೊಳೆದೂ ತಿಳಿಯಾಗಿಯೇ ಇದ್ದ ಬೋಗುಣಿಯ ನೀರು ಕೆಂಪಗಾಯಿತು. ಅಷ್ಟು ಜನರಲ್ಲಿ ತೊಳೆಯಲು ಏನಾದರೂ ಇದ್ದದ್ದು ನಮ್ಮಪ್ಪನ ಕಾಲಿನಲ್ಲಿ ಮಾತ್ರ.

ಮನೆಗೆ ಹೋಗುವಾಗ ಸಾಕ್ಸ್ ಅಪ್ಪನ ಜೇಬಿನಲ್ಲಿದ್ದವು. ನಗುತ್ತ ಅಂದ, "ಭಾಳ ಸಿಟ್ಟಿಲೆ ತಿಕ್ಕಿದಿ, ಉರಿಯಾಕತ್ತೈತಿ." ಆಮೇಲೆ ಸ್ವಲ್ಪ ದೂರ ನಡೆದು, "ತಗ್ಗೂದು ಬ್ಯಾರೆ, ಅಂಜೂದು ಬ್ಯಾರೆ. ತಗ್ಗಿ ನಡಿ, ಯಾರಿಗೂ ಅಂಜಬ್ಯಾಡ," ಎಂದ.

ಮರುದಿನ ಹುಡುಗರು ಹೋಳಿಯ ಮಾತೆತ್ತಿದಾಗ, "ನಹೀ ಹುಯೀ, ಆಗೇ ಬೋಲ್," ಎಂದೆ. ಮುಗಿದಿಲ್ಲ, ಮುಂದೆ ಹೇಳು ಅಂತ. ಅವರು ಲಂಗಡಿಗೆ ಮರಳಿದರು.

ಆ ಕಾರ್ಖಾನೆ ಮುಚ್ಚಿ ಬಹಳ ಕಾಲವಾಯಿತು. ಮನೆಯಲ್ಲಿ ಕೂತ ಮೇಲೆ ಅಪ್ಪನ ಕಾಲು ಎಲ್ಲರ ಕಾಲಿನಂತಾಯಿತು. ಅಪ್ಪ ತೀರಿಕೊಂಡ ದಿನ, ಕೊನೆಯ ಬಾರಿ ಆ ಕಾಲು ತೊಳೆದವಳೂ ನಾನೇ. ಉಗುರಿನ ಸಂದಿಯಲ್ಲೆಲ್ಲ ಹುಡುಕಿದೆ, ಒಂದು ಚೂರು ಕೆಂಪು ಸಿಗಲಿಲ್ಲ.

ಈಗ ಸಭೆಗೆ ಸ್ವಂತ ಕಟ್ಟಡವಿದೆ, ಅಮೃತಶಿಲೆಯ ನೆಲವಿದೆ. ಈ ವರ್ಷ ಹನ್ನೆರಡು ಜನರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಫೋಟೋ ತೆಗೆಯುತ್ತಾರೆ, ಕಾಲು ನೀಟಾಗಿರಲಿ ಎಂದು ಮೊಬೈಲಿಗೆ ಸಂದೇಶವೂ ಬಂದಿತ್ತು. ಆಫೀಸಿನಿಂದ ಲೋಕಲ್ ಹತ್ತಿ, ಕಾಲಿನ ಧೂಳೂ ಒರೆಸಿಕೊಳ್ಳದೆ ಹೋದೆ. ಕುರ್ಚಿ ಬೇಡ, ಬೋಗುಣಿ ಕೊಡಿ ಎಂದೆ. ಅಲ್ಲಿದ್ದವರ ಮುಖ ಗಂಟಾಯಿತು. ಆಗಲಿ ಎಂದು ಮೊಣಕಾಲೂರಿದೆ. ಹನ್ನೆರಡು ಕಾಲು ತೊಳೆದು ಬೋಗುಣಿ ನೋಡಿದೆ. ನೀರು ತಿಳಿಯಾಗಿಯೇ ಇತ್ತು.